ಏಳು ಕುಡಿಕೆ ತಾಮ್ರ

ಹೊಳೆ ಬಾಗುವ ಕಡೆ ಒಂದು ಊರಿತ್ತು. ಆ ಊರಲ್ಲಿ ಕಾಸಿಲ್ಲದ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಯಾರಾದರೂ ಇನ್ನೊಬ್ಬರೊಡನೆ ಮಾತಾಡಬೇಕೆಂದರೆ ಮೊದಲು ಒಂದು ತಾಮ್ರದ ಕಾಸನ್ನು ಎದುರಿನವರ ಅಂಗೈಯಲ್ಲಿ ಇಡಬೇಕು. ಕಾಸು ಕೈ ಬದಲಾದೊಡನೆ ಇಬ್ಬರ ಕಿವಿಯೂ ತೆರೆಯುತ್ತಿತ್ತು. ಹೊತ್ತು ಮುಳುಗುವ ತನಕ ಆ ಇಬ್ಬರು ಎಷ್ಟು ಬೇಕಾದರೂ ಮಾತಾಡಿಕೊಳ್ಳಬಹುದು. ಹೊತ್ತು ಮುಳುಗಿತೋ, ಕಿವಿ ಮುಚ್ಚಿತು. ಮಾರನೆಯ ದಿನ ಮತ್ತೆ ಕಾಸು. ಕಾಸಿಲ್ಲದೆ ಆಡಿದರೆ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೇ. ಅಳು ಕೇಳಿಸುತ್ತಿತ್ತು, ನಗು ಕೇಳಿಸುತ್ತಿತ್ತು, ಕೆಮ್ಮು ಕೇಳಿಸುತ್ತಿತ್ತು. ಮಾತು ಮಾತ್ರ ಇಲ್ಲ. ಹಾಲುಹಲ್ಲು ಬೀಳುವ ತನಕ ಮಕ್ಕಳಿಗೆ ಈ ನೇಮವಿರಲಿಲ್ಲ. ಮೊದಲ ಹಲ್ಲು ಬಿದ್ದ ದಿನ ತಾಯಿ ಮಗುವಿನ ಅಂಗೈಗೆ ಒಂದು ಕಾಸಿಟ್ಟು ಹೆಸರು ಹಿಡಿದು ಕೂಗುತ್ತಿದ್ದಳು. ಅಂದಿನಿಂದ ಆ ಮಗುವೂ ಊರಿನವರಲ್ಲಿ ಒಂದು. ಊರು ಬಿಟ್ಟು ಎಲ್ಲಿಗೆ ಹೋದರೂ ನೇಮ ಜೊತೆಗೇ ಹೋಗುತ್ತಿತ್ತು.

ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ರಾಗಿ ಕೊಟ್ಟು ಎಣ್ಣೆ ತರುತ್ತಿದ್ದರು, ಎಳ್ಳು ಕೊಟ್ಟು ಬಟ್ಟೆ ತರುತ್ತಿದ್ದರು. ಕಾಸು ಮಾತಿಗೆ ಮಾತ್ರ. ಬೆಳಿಗ್ಗೆ ಕುರುಬನ ಕೈಯಲ್ಲಿದ್ದ ಕಾಸು ಮಧ್ಯಾಹ್ನಕ್ಕೆ ಎಣ್ಣೆ ಮಾರುವವಳ ಕೈಗೆ ಬರುತ್ತಿತ್ತು, ಅಲ್ಲಿಂದ ಪೂಜಾರಿಯ ಕೈಗೆ, ಅಲ್ಲಿಂದ ಸೂಲಗಿತ್ತಿಯ ಕೈಗೆ. ಕೊಟ್ಟವರು ಬಡವರಾಗಲಿಲ್ಲ, ತೆಗೆದುಕೊಂಡವರು ಸಾಹುಕಾರರಾಗಲಿಲ್ಲ. ಕಾಸಿನ ಮೇಲೆ ಏನೋ ಒಂದು ಗುರುತಿತ್ತಂತೆ. ಕೈಯಿಂದ ಕೈಗೆ ಹೋಗಿ ಹೋಗಿ ಅದು ಸವೆದು, ಕಾಸುಗಳೆಲ್ಲ ಮೀನಿನ ಕಣ್ಣಿನ ಹಾಗೆ ನುಣ್ಣಗಾಗಿದ್ದವು.

ಆ ಊರಿನ ತುದಿಯಲ್ಲಿ, ಹೊಳೆಯಿಂದ ಏರು ಹತ್ತಿ ಬಂದರೆ ಸಿಗುವ ಮನೆ ಕುಂಬಾರನದು. ಮನೆಯಲ್ಲಿ ಅವನು, ಅವನ ಹೆಂಡತಿ. ಒಬ್ಬಳೇ ಮಗಳನ್ನು ಹೊಳೆ ಹರಿಯುವ ದಿಕ್ಕಿನಲ್ಲಿ ಅರ್ಧ ದಿನದ ದಾರಿಯ ಹಳ್ಳಿಗೆ ಕೊಟ್ಟಿದ್ದರು. ಗಂಡ ಹೆಂಡತಿ ಇಬ್ಬರ ನಡುವೆ ಇದ್ದದ್ದು ಒಂದೇ ಕಾಸು. ಒಂದು ದಿನ ಅವನ ಸರದಿ, ಒಂದು ದಿನ ಅವಳ ಸರದಿ. ಬೆಳಿಗ್ಗೆ ಒಲೆ ಹಚ್ಚುವುದಕ್ಕೂ ಮೊದಲು ಕಾಸು ಕೈ ಬದಲಾಗುತ್ತಿತ್ತು. ಅವನು ಕೊಟ್ಟ ದಿನ ಕಾಸಿಗೆ ಜೇಡಿಮಣ್ಣು ಮೆತ್ತಿರುತ್ತಿತ್ತು. ಅವಳು ಕೊಟ್ಟ ದಿನ ಒದ್ದೆಯಾಗಿರುತ್ತಿತ್ತು, ಏಕೆಂದರೆ ಅವಳ ಕೈ ಯಾವಾಗಲೂ ನೀರಿನಲ್ಲೇ.

"ಎದ್ದೆಯಾ?" ಎಂದು ತನ್ನ ಸರದಿಯ ದಿನ ಅವನು ಕೇಳುತ್ತಿದ್ದ.

"ಎದ್ದಿಲ್ಲದೆ ಕಾಸು ಯಾರ ಕೈಲಿ ಇಟ್ರಿ?" ಎಂದು ಅವಳು ಹೇಳುತ್ತಿದ್ದಳು.

ಇಪ್ಪತ್ತಾರು ವರ್ಷ ಅವರ ದಿನ ಶುರುವಾದದ್ದು ಹೀಗೆ. ಆಮೇಲೆ ಅವನು ಮಡಕೆ ಮಾಡುವ ತಿಗರಿಯ ಮುಂದೆ ಕೂರುತ್ತಿದ್ದ, ಅವಳು ಕೊಡ ಎತ್ತಿಕೊಂಡು ಹೊಳೆಗೆ ಇಳಿಯುತ್ತಿದ್ದಳು. ಕುಂಬಾರನ ಮನೆಗೆ ನೀರು ಎಷ್ಟಿದ್ದರೂ ಸಾಲದು. ಕುಡಿಯಲು ನೀರು, ಮಣ್ಣು ಕಲಸಲು ನೀರು, ತಿಗರಿಯ ಪಕ್ಕದ ಬೋಗುಣಿಗೆ ನೀರು. ಮಗಳು ಇದ್ದಾಗ ಇಬ್ಬರು ಹೊರುತ್ತಿದ್ದರು. ಅವಳು ಹೋದ ಮೇಲೆ ತಾಯಿ ಒಬ್ಬಳೇ. ತಲೆಯ ಮೇಲೊಂದು, ಸೊಂಟದಲ್ಲೊಂದು. ಏರು ಹತ್ತಿ ಬಂದು ಕೊಡ ಇಳಿಸಿ, ಒಂದು ಗಳಿಗೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅವಳು ಹಾಗೆ ನಿಲ್ಲುವುದನ್ನು ಅವನು ತಿಗರಿಯಿಂದಲೇ ನೋಡುತ್ತಿದ್ದ. ನೋಡಿ ಏನೂ ಹೇಳುತ್ತಿರಲಿಲ್ಲ. ಅಂಗಳದಲ್ಲೊಂದು ಬಾವಿ ಇದ್ದಿದ್ದರೆ ಎಂದು ಮಾತ್ರ ಅಂದುಕೊಳ್ಳುತ್ತಿದ್ದ. ಕೆಳಗೆ ಬಂಡೆ ಇತ್ತು. ಬಂಡೆ ಒಡೆದು ಬಾವಿ ತೋಡುವ ಶಕ್ತಿ ಊರಲ್ಲಿ ಯಾರಿಗೂ ಇರಲಿಲ್ಲ.

ಹೊಂಗೆ ಹೂ ಬಿಟ್ಟ ಕಾಲದಲ್ಲಿ ಗುಡ್ಡದಾಚೆಯಿಂದ ಒಬ್ಬ ಬಂದ. ಹೆಗಲ ಮೇಲೆ ದೊಡ್ಡ ತಕ್ಕಡಿ. ಅವನನ್ನು ಊರವರು ತಕ್ಕಡಿಯವನು ಎಂದರು. ಅವನು ಅರಳಿಕಟ್ಟೆಯ ಮೇಲೆ ನಿಂತು ಮಾತಾಡಿದ. ಯಾರ ಅಂಗೈಗೂ ಒಂದು ಕಾಸು ಇಡಲಿಲ್ಲ. ಆದರೂ ಅವನ ಮಾತು ಎಲ್ಲರಿಗೂ ಕೇಳಿಸಿತು.

ಹಾಗೆ ಕಾಸಿಲ್ಲದೆ ಕೇಳಿಸಿದ ಮಾತನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಕೇಳಿಸಿತಲ್ಲ, ಅದಕ್ಕೇ ನಂಬಿದರು.

"ಇದು ತಾಮ್ರ," ಎಂದ ತಕ್ಕಡಿಯವನು, ಒಂದು ಕಾಸನ್ನು ಎರಡು ಬೆರಳಲ್ಲಿ ಹಿಡಿದು. "ಇದನ್ನ ಕೊಟ್ಟು ನೀವು ಮಾತು ತಗೊಳ್ತೀರಿ. ಮಾತು ಹೊತ್ತು ಮುಳುಗಿದರೆ ಹೋಯ್ತು. ತಾಮ್ರ ಹೋಗಲ್ಲ. ಗುಡ್ಡದಾಚೆ ದೊಡ್ಡ ಕುಲುಮೆ ಇದೆ, ಅದಕ್ಕೆ ತಾಮ್ರ ಬೇಕು. ಬರೋ ವರ್ಷ ಹೊಂಗೆ ಹೂ ಬಿಟ್ಟಾಗ ಮತ್ತೆ ಬರ್ತೀನಿ. ಒಂದು ಕುಡಿಕೆ ತುಂಬ ತಾಮ್ರಕ್ಕೆ ಒಂದು ಕರೆಯೋ ಹಸು. ಮೂರು ಕುಡಿಕೆಗೆ ಹೆಂಚಿನ ಮಾಡು. ಏಳು ಕುಡಿಕೆ ಕೊಟ್ಟವರ ಅಂಗಳದಲ್ಲಿ ನನ್ನ ಆಳುಗಳು ಬಂಡೆ ಒಡೆದು ಬಾವಿ ತೋಡಿ ಕೊಡ್ತಾರೆ."

ಕುಂಬಾರ ಗುಂಪಿನ ಹಿಂದೆ ನಿಂತಿದ್ದ. ಏಳು ಕುಡಿಕೆ ಎಂಬುದನ್ನು ಅವನು ಬಾಯಲ್ಲಿ ಎರಡು ಸಲ ಹೇಳಿಕೊಂಡ.

ಮಾರನೆಯ ದಿನದಿಂದಲೇ ಅವನ ಬಾಗಿಲಿಗೆ ಜನ ಬರಲು ಶುರುವಾಯಿತು. ಎಲ್ಲರಿಗೂ ಕುಡಿಕೆ ಬೇಕು. ಬಾಯಿಲ್ಲದ ಕುಡಿಕೆ, ಮೇಲೆ ಒಂದು ಸೀಳು ಮಾತ್ರ. ಒಳಗೆ ಹಾಕಿದ್ದನ್ನು ತೆಗೆಯಬೇಕೆಂದರೆ ಒಡೆಯಲೇಬೇಕು. ಎಷ್ಟು ಬೇಕು, ಯಾವತ್ತಿಗೆ ಬೇಕು ಎಂದು ಹೇಳಲು ಪ್ರತಿಯೊಬ್ಬರೂ ಅವನ ಅಂಗೈಯಲ್ಲಿ ಒಂದು ಕಾಸು ಇಟ್ಟರು. ಹೀಗೆ ಊರಿನ ಯಾರಿಗೂ ಸೇರದಷ್ಟು ಕಾಸು ಕುಂಬಾರನ ಕೈಗೆ ಸೇರತೊಡಗಿತು. ಸ್ವಲ್ಪ ದಿನ ಕಳೆದ ಮೇಲೆ ಜನ ಕೈಸನ್ನೆಯಲ್ಲೇ ಎಷ್ಟು ಕುಡಿಕೆ ಎಂದು ತೋರಿಸಲು ನೋಡಿದರು. ಕುಂಬಾರ ಅರ್ಥವಾಗದವನ ಹಾಗೆ ತಲೆ ಅಲ್ಲಾಡಿಸಿದ. ಅವರು ನಿಟ್ಟುಸಿರು ಬಿಟ್ಟು ಸೊಂಟದ ಗಂಟು ಬಿಚ್ಚಿದರು. ಹಾಗೆ ಮಾಡುವಾಗ ಅವನಿಗೆ ನಾಚಿಕೆಯಾಗುತ್ತಿತ್ತು. ಆದರೆ ಏರು ಹತ್ತಿ ಬಂದು ಗೋಡೆ ಹಿಡಿದು ನಿಲ್ಲುವ ಹೆಂಡತಿಯನ್ನು ನೆನೆದರೆ ನಾಚಿಕೆ ಹೋಗುತ್ತಿತ್ತು.

ಒಂದು ದಿನ ಅವನ ಸರದಿ ಬಂದಾಗ ಅವನು ಮನೆಯ ಕಾಸನ್ನು ಹೆಂಡತಿಯ ಅಂಗೈಯಲ್ಲಿಟ್ಟು, ಅವಳನ್ನು ಕೂರಿಸಿಕೊಂಡು, ಎಲ್ಲ ಹೇಳಿದ. ಏಳು ಕುಡಿಕೆಯ ವಿಷಯ, ಬಾವಿಯ ವಿಷಯ.

"ಇನ್ನೊಂದು ಎಂಟು ತಿಂಗಳು," ಎಂದ. "ಒಂದೊಂದು ಕಾಸೂ ಲೆಕ್ಕವೇ. ಇದನ್ನೂ ಕುಡಿಕೆಗೆ ಹಾಕಿಬಿಡೋಣ. ಆಮೇಲೆ ತಕ್ಕಡಿಯವನಿಗೆ ಕೊಡುವಾಗ ನಮಗೆ ಅಂತ ಒಂದು ಕಾಸು ಉಳಿಸಿಕೊಂಡರೆ ಮಾತೇ ಮಾತು."

"ಎಂಟು ತಿಂಗಳು ಸುಮ್ನೆ ಇರೋದಾ?"

"ಸುಮ್ನಿದ್ರೆ ಏನಾಗುತ್ತೆ? ನಾನು ಇಲ್ಲೇ ಇರ್ತೀನಲ್ಲ. ನೀನೂ ಇಲ್ಲೇ ಇರ್ತೀಯ."

ಅವಳು ಅಂಗೈಯಲ್ಲಿದ್ದ ಕಾಸನ್ನು ತಿರುವಿ ತಿರುವಿ ನೋಡಿದಳು. "ನನಗೆ ಬಾವಿ..." ಎಂದು ಶುರುಮಾಡಿ ನಿಲ್ಲಿಸಿದಳು.

"ಏನು?"

"ಏನಿಲ್ಲ. ನೀವು ಇಷ್ಟು ಆಸೆ ಪಡ್ತಿದ್ದೀರಿ, ಆಗಲಿ."

ಆ ದಿನ ಅವರು ಹೊತ್ತು ಮುಳುಗುವ ತನಕ ಮಾತಾಡಿದರು. ಮಗಳ ವಿಷಯ, ಮಳೆಯ ವಿಷಯ, ಆವಿಗೆಯಲ್ಲಿ ಸುಡುವಾಗ ಬಿರಿದ ಗಡಿಗೆಗಳ ವಿಷಯ. ಮಾರನೆಯ ಬೆಳಿಗ್ಗೆ ಅವಳ ಸರದಿಯಾಗಿತ್ತು. ಅವಳು ಕಾಸನ್ನು ತಂದು ಅವನ ಅಂಗೈಯಲ್ಲಿಡದೆ, ತಾನೇ ಕುಡಿಕೆಯ ಸೀಳಿನಲ್ಲಿ ಹಾಕಿದಳು.

ಅಂದಿನಿಂದ ಆ ಮನೆಯಲ್ಲಿ ಮಾತು ನಿಂತಿತು. ಊರಲ್ಲೂ ನಿಂತಿತು. ಸಂತೆಯಲ್ಲಿ ಜನ ಬೆರಳು ತೋರಿಸಿ ಕೊಂಡು ಬೆರಳು ತೋರಿಸಿ ಮಾರಿದರು. ಹಾಲುಹಲ್ಲು ಬಿದ್ದ ಮಕ್ಕಳ ಅಂಗೈಗೆ ಕಾಸು ಇಡುವವರಿಲ್ಲದೆ, ಆ ಮಕ್ಕಳು ಇದ್ದಕ್ಕಿದ್ದಂತೆ ಕಿವುಡರಾಗಿ ಬಾಗಿಲಲ್ಲಿ ನಿಂತು ಅತ್ತರು. ಅಳು ಕೇಳಿಸುತ್ತಿತ್ತು. ತಾಯಂದಿರು ಎತ್ತಿಕೊಂಡು ಬೆನ್ನು ತಟ್ಟಿದರು. ಬರೋ ವರ್ಷ, ಬರೋ ವರ್ಷ ಎಂದು ಅವರ ತುಟಿಗಳು ಆಡುತ್ತಿದ್ದವು.

ಕುಂಬಾರ ಅಂಗಳದಲ್ಲಿ ಸುಣ್ಣದಿಂದ ಒಂದು ದುಂಡನೆಯ ಗೆರೆ ಎಳೆದ. ಬಾವಿ ಬರುವುದು ಅಲ್ಲಿ. ಹೆಂಡತಿ ತುಂಬಿದ ಕೊಡ ಹೊತ್ತು ಬರುವಾಗ ಆ ಗೆರೆಯನ್ನು ತುಳಿಯದೆ ಬಳಸಿಕೊಂಡು ಬರುತ್ತಿದ್ದಳು. ಬೆಳಿಗ್ಗೆ ಎದ್ದೊಡನೆ ಅವನ ಎದುರು ನಿಂತು ಖಾಲಿ ಅಂಗೈ ಚಾಚುತ್ತಿದ್ದಳು. ಅವನು ನಕ್ಕು ಗೋಡೆಯ ಬಳಿ ಸಾಲಾಗಿಟ್ಟ ಕುಡಿಕೆಗಳನ್ನು ತೋರಿಸುತ್ತಿದ್ದ. ಮೂರಾಯಿತು ಎಂದು ಮೂರು ಬೆರಳು. ನಾಲ್ಕಾಯಿತು ಎಂದು ನಾಲ್ಕು ಬೆರಳು. ಅವಳು ಬೆರಳುಗಳನ್ನು ನೋಡಿ, ಕೈ ಇಳಿಸಿ, ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಕೆಲವು ದಿನ ಅವಳು ಅಂಗೈ ಚಾಚಿದ ಮೇಲೆ ಎಡಗಡೆಯ ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳುತ್ತಿದ್ದಳು. ತುಟಿ ಅಲ್ಲಾಡುವುದು ಅವನಿಗೆ ಕಾಣುತ್ತಿತ್ತು. ಆಣೆಯಿಟ್ಟು ಏನೋ ಕೇಳುತ್ತಿದ್ದಾಳೆ ಎಂದುಕೊಂಡ. ಇನ್ನು ಸ್ವಲ್ಪ ದಿನ ಎಂದು ಸನ್ನೆ ಮಾಡಿದ.

ಆರನೆಯ ಕುಡಿಕೆ ತುಂಬಿದ ದಿನ ಅವನು ಬಹಳ ಸಂತೋಷದಲ್ಲಿದ್ದ. ಸಂಜೆಗೆ ಸ್ವಲ್ಪ ಮೊದಲು, ಆವಿಗೆಯಿಂದ ಆಗತಾನೆ ತೆಗೆದ ಏಳನೆಯ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಬೂದಿ ಒರೆಸುತ್ತಿದ್ದ. ಆಗ ಹೆಂಡತಿ ಏರು ಹತ್ತಿ ಬಂದಳು. ಅವಳ ತಲೆಯ ಮೇಲೆ ಕೊಡವಿರಲಿಲ್ಲ. ಓಡಿ ಬಂದವಳ ಹಾಗೆ ಏದುತ್ತಿದ್ದಳು. ಬಲಗೈ ಮುಷ್ಟಿ ಬಿಗಿದಿತ್ತು. ಅವನ ಎದುರು ಬಂದು ಮುಷ್ಟಿ ಬಿಚ್ಚಿದಳು.

ಅಂಗೈಯಲ್ಲಿ ಒಂದು ಒದ್ದೆ ಕಾಸು.

ಅವನ ಮುಖ ಅರಳಿತು. ಎಲ್ಲಿಂದಲೋ ಸಂಪಾದಿಸಿ ತಂದಿದ್ದಾಳೆ, ತನ್ನ ಜೊತೆ ಅವಳೂ ದುಡಿಯುತ್ತಿದ್ದಾಳೆ ಎಂದು ಅವನ ಎದೆ ತುಂಬಿ ಬಂತು. ಮಡಿಲಿನ ಹೊಸ ಕುಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ, ಸೀಳನ್ನು ಅವಳ ಕಡೆಗೆ ತಿರುಗಿಸಿ ಹಿಡಿದ.

ಅವಳು ಹಾಗೇ ನಿಂತಳು. ಸೂರ್ಯ ಗುಡ್ಡದ ಮೇಲೆ ಇನ್ನೂ ಒಂದು ಮಾರು ಎತ್ತರದಲ್ಲಿದ್ದ. ಅವಳು ಸೂರ್ಯನನ್ನು ನೋಡಿದಳು, ಕುಡಿಕೆಯನ್ನು ನೋಡಿದಳು, ಆಮೇಲೆ ಬಹಳ ಹೊತ್ತು ಅವನ ಮುಖವನ್ನು ನೋಡಿದಳು. ಅವನು ಖುಷಿಯಿಂದ ನಕ್ಕ. ನಗು ಅವಳಿಗೆ ಕೇಳಿಸಿತು. ಅವಳು ಕಾಸನ್ನು ಸೀಳಿನೊಳಗೆ ಬಿಟ್ಟಳು. ಖಾಲಿ ಕುಡಿಕೆಯಲ್ಲಿ ಮೊದಲ ಕಾಸು ಠಣ್ ಎಂದಿತು. ಅವನು ಅವಳ ಭುಜ ತಟ್ಟಿದ. ಅವಳು ಒಳಗೆ ಹೋಗಿ ಒಲೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳು ಮೂಗು ಸೀಟುವುದು ಕೇಳಿಸಿತು. ಹಸಿ ಸೌದೆ, ಹೊಗೆ ಎಂದುಕೊಂಡ.

ಆಮೇಲೆ ಅವಳು ಎರಡು ಕೊಡ ಬಿಟ್ಟು ಒಂದು ಕೊಡ ತರತೊಡಗಿದಳು. ಆಮೇಲೆ ಅರ್ಧ ಕೊಡ. ಆಮೇಲೆ ದಾರಿಯ ನಡುವೆ ಕಲ್ಲಿನ ಮೇಲೆ ಕೂತು ಬರತೊಡಗಿದಳು. ಅವಳು ಸೊರಗಿದಷ್ಟೂ ಅವನು ತಿಗರಿಯನ್ನು ಜೋರಾಗಿ ತಿರುಗಿಸಿದ. ಬಾವಿ ಬೇಗ ಬಂದರೆ ಇವಳು ಸುಧಾರಿಸಿಕೊಳ್ಳುತ್ತಾಳೆ ಎಂದು ನಂಬಿದ. ಊಟ ತಿಂಡಿ ಬಿಟ್ಟು ಕುಡಿಕೆ ಮಾಡಿದ. ಹೊಂಗೆ ಮೊಗ್ಗು ಕಟ್ಟಿತು.

ತಕ್ಕಡಿಯವನು ಬರಲು ಮೂರು ದಿನ ಉಳಿದಿತ್ತು. ಏಳನೆಯ ಕುಡಿಕೆ ತುಂಬಲು ಎರಡು ಬೆರಳಷ್ಟು ಉಳಿದಿತ್ತು. ಅಂದು ಬೆಳಿಗ್ಗೆ ಅವಳು ಚಾಪೆಯಿಂದ ಏಳಲಿಲ್ಲ. ಅವನು ಪಕ್ಕದಲ್ಲಿ ಕೂತಾಗ ಅಂಗೈ ಚಾಚಿದಳು. ಎತ್ತಲು ಶಕ್ತಿಯಿಲ್ಲದೆ ಚಾಪೆಯ ಮೇಲೇ ಬಿಚ್ಚಿಟ್ಟಳು. ತುಟಿ ಅಲ್ಲಾಡಿತು. ಅವನು ಬಗ್ಗಿ ಕಿವಿಯನ್ನು ಅವಳ ಬಾಯಿಯ ಹತ್ತಿರ ಹಿಡಿದ. ಬಿಸಿ ಉಸಿರು ಮಾತ್ರ ತಾಗಿತು.

ಅವನು ಎದ್ದು ಹೋಗಿ ಒಂದು ಕುಡಿಕೆಯನ್ನು ಕೈಗೆತ್ತಿಕೊಂಡ. ಅದು ಮಗುವಿನಷ್ಟು ಭಾರವಾಗಿತ್ತು. ಒಡೆದರೆ ಆರಾಗುತ್ತದೆ. ಆರು ಕುಡಿಕೆಗೆ ಬಾವಿಯಿಲ್ಲ. ಇನ್ನೊಂದು ಕುಡಿಕೆ ಮಾಡಿ, ಸುಟ್ಟು, ತುಂಬುವಷ್ಟು ದಿನವಿಲ್ಲ. ಅವನು ಕುಡಿಕೆಯನ್ನು ಎತ್ತಿ ಹಿಡಿದುಕೊಂಡು ಬಹಳ ಹೊತ್ತು ನಿಂತ. ಆಮೇಲೆ ಮೆಲ್ಲಗೆ ಅದರ ಜಾಗದಲ್ಲಿಟ್ಟ. ಹೆಂಡತಿಯ ಹತ್ತಿರ ಬಂದು ಮೂರು ಬೆರಳು ತೋರಿಸಿದ. ಮೂರೇ ದಿನ.

ಅವಳು ಆ ಮೂರು ಬೆರಳುಗಳನ್ನು ನೋಡಿ ಕಣ್ಣು ಮುಚ್ಚಿಕೊಂಡಳು.

ಮಾರನೆಯ ದಿನ ಮಧ್ಯಾಹ್ನ ತಿಗರಿಯ ಮುಂದೆ ಕೂತಿದ್ದವನಿಗೆ ಒಳಗಿನಿಂದ ಉಸಿರಿನ ಸದ್ದು ಕೇಳಿಸಿತು. ಗೊರಗೊರ ಎನ್ನುತ್ತಿದ್ದ ಆ ಸದ್ದು ಉಸಿರಿನದಲ್ಲವೆಂದೇ ಅವನಿಗೆ ಮೊದಲು ಅನ್ನಿಸಿತು. ಮಣ್ಣಿನ ಕೈಯಲ್ಲೇ ಒಳಗೆ ಓಡಿದ. ಅವಳ ಮುಖ ನೋಡಿದ. ಕೈಗೆ ಸಿಕ್ಕ ಕುಡಿಕೆಯನ್ನು ಎತ್ತಿ ಹೊಸ್ತಿಲಿಗೆ ಅಪ್ಪಳಿಸಿದ. ಕಾಸು ಮನೆತುಂಬ ಉರುಳಿತು. ಒಂದನ್ನು ಹೆಕ್ಕಿ ಅವಳ ಅಂಗೈಯಲ್ಲಿಟ್ಟ.

"ಹೇಳು," ಎಂದ. "ಏನೋ ಹೇಳ್ತಿದ್ದೆಯಲ್ಲ, ಹೇಳು."

ಎಂಟು ತಿಂಗಳ ಮೇಲೆ ಅವನ ದನಿ ಅವಳಿಗೆ ಕೇಳಿಸಿತು. ಅವಳ ಕಣ್ಣು ಅವನ ಕಡೆ ತಿರುಗಿತು. ತುಟಿ ಬಿಚ್ಚಿತು. ಆದರೆ ಅಂಗೈ ವಾಲಿ ಕಾಸು ಜಾರಿ ಚಾಪೆಗೆ ಬಿತ್ತು. ಅವನು ಮತ್ತೆ ಇಟ್ಟ. ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಚಿ, ಮೇಲೆ ತನ್ನ ಕೈ ಮುಚ್ಚಿ ಹಿಡಿದುಕೊಂಡ. ಅವಳು ಹೇಳಲಿಲ್ಲ. ಅವನೇ ಹೇಳತೊಡಗಿದ. ಬಾವಿ ಬೇಡ, ನಾಳೆಯಿಂದ ನೀರು ನಾನೇ ಹೊರುತ್ತೇನೆ ಎಂದ. ಮಗಳನ್ನು ಕರೆಸುತ್ತೇನೆ ಎಂದ. ಮಾತಾಡುತ್ತಲೇ ಇದ್ದ. ಅದರ ನಡುವೆ ಅವಳು ಯಾವಾಗ ಹೋದಳೋ ಅವನಿಗೆ ತಿಳಿಯಲಿಲ್ಲ. ಹೊತ್ತು ಮುಳುಗಿದ ಮೇಲೆ ತಿಳಿಯಿತು.

ಮಗಳು ಬಂದಳು. ಮಣ್ಣು ಮಾಡಿ ಬಂದ ಮೇಲೆ, ಅಂಗಳದಲ್ಲಿ ತಂದೆಯ ಎದುರು ನಿಂತು, ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಕಾಸು ತೆಗೆದು ಅವನ ಅಂಗೈಯಲ್ಲಿಟ್ಟಳು.

"ಅಮ್ಮ ಕೊನೆಗೆ ಏನಂದ್ಲಪ್ಪ?"

ಕುಂಬಾರ ಅವಳ ಮುಖ ನೋಡಲಾರದೆ ನೆಲ ನೋಡಿದ. "ಏನೂ ಅನ್ನಲಿಲ್ಲ."

"ನನ್ನ ವಿಷಯ ಏನಾದ್ರೂ..."

"ಅವಳು ಎಂಟು ತಿಂಗಳಿಂದ ಏನೂ ಹೇಳಿಲ್ಲ ಮಗಳೇ. ಹೇಳೋದಕ್ಕೆ ನಾನು ಒಂದು ಕಾಸು ಬಿಟ್ಟಿರಲಿಲ್ಲ."

ಮಗಳು ತೆರೆದ ಬಾಗಿಲಿಂದ ಒಳಗೆ ನೋಡಿದಳು. ಗೋಡೆಯ ಬಳಿ ಆರು ಕುಡಿಕೆ. ಹೊಸ್ತಿಲ ಹತ್ತಿರ ಒಂದರ ಚೂರು. ಅಂಗಳದಲ್ಲಿ ಸುಣ್ಣದ ಗೆರೆ. ಆ ದಿನ ಇನ್ನೂ ಹೊತ್ತಿತ್ತು, ಅವರಿಬ್ಬರ ಕಿವಿಯೂ ತೆರೆದಿತ್ತು, ಆದರೆ ಅವಳು ಇನ್ನೊಂದು ಮಾತಾಡಲಿಲ್ಲ. ತಾಯಿಯ ಒಂದು ಸೀರೆ ಮಡಿಚಿ ಕಂಕುಳಲ್ಲಿಟ್ಟುಕೊಂಡು ಗಂಡನ ಜೊತೆ ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಹೊಂಗೆ ಹೂ ಬಿಟ್ಟಿತ್ತು. ತಕ್ಕಡಿಯವನು ಗಾಡಿಗಳ ಸಾಲು ತಂದು ಅರಳಿಕಟ್ಟೆಯ ಮುಂದೆ ನಿಲ್ಲಿಸಿದ. ಊರಿಗೆ ಊರೇ ಕುಡಿಕೆ ಹೊತ್ತು ಬಂತು. ಸಂಜೆಯ ತನಕ ಕುಡಿಕೆ ಒಡೆಯುವ ಸದ್ದು, ತಕ್ಕಡಿಯಲ್ಲಿ ತಾಮ್ರ ಸುರಿಯುವ ಸದ್ದು. ತಕ್ಕಡಿಯವನು ಮೋಸಗಾರನಾಗಿರಲಿಲ್ಲ. ಹಸು ಬಯಸಿದವರಿಗೆ ಹಸು ಕೊಟ್ಟ, ಹೆಂಚು ಬಯಸಿದವರಿಗೆ ಹೆಂಚು ಇಳಿಸಿದ. ಹೋಗುವ ಮೊದಲು ಕುಂಬಾರನ ಅಂಗಳಕ್ಕೂ ಬಂದ. ಸುಣ್ಣದ ಗೆರೆಯ ಬಳಿ ನಿಂತು ಏನೋ ಕೇಳಿದ. ಅವನ ತುಟಿ ಅಲ್ಲಾಡುವುದು ಕುಂಬಾರನಿಗೆ ಕಾಣಿಸಿತು, ಮಾತು ಕೇಳಿಸಲಿಲ್ಲ. ಬಾವಿಯ ಆಸೆ ಸತ್ತುಹೋದ ಮೇಲೆ ತಕ್ಕಡಿಯವನ ಮಾತೂ ಅವನಿಗೆ ಕಾಸಿಲ್ಲದೆ ಕೇಳಿಸದಾಗಿತ್ತು. ತಕ್ಕಡಿಯವನು ಇನ್ನೊಮ್ಮೆ, ಗಟ್ಟಿಯಾಗಿ ಎಂಬಂತೆ, ಬಾಯಿ ತೆರೆದ. ಕೊನೆಗೆ ತಕ್ಕಡಿಯವನು ಭುಜ ಕೊಡವಿ ಗಾಡಿ ಹತ್ತಿದ.

ಗಾಡಿಗಳು ಗುಡ್ಡ ದಾಟಿದ ಮೇಲೆ ಊರವರಿಗೆ ಒಂದು ಸಂಗತಿ ಗೊತ್ತಾಯಿತು. ಒಂದು ಕಾಸು ಉಳಿಸಿಕೊಳ್ಳುತ್ತೇವೆ ಎಂದುಕೊಂಡಿದ್ದವರೆಲ್ಲ ತೂಕ ಸಾಲದೆ ತಕ್ಕಡಿ ಕೊಂಚ ಮೇಲೆದ್ದಾಗ ಆ ಒಂದನ್ನೂ ಹಾಕಿಬಿಟ್ಟಿದ್ದರು. ಊರಲ್ಲಿ ಹಸುಗಳಿದ್ದವು, ಹೆಂಚಿನ ಮನೆಗಳಿದ್ದವು. ಮಾತಾಡಲು ಕಾಸಿರಲಿಲ್ಲ. ಉಳಿದದ್ದೆಂದರೆ ಕುಂಬಾರನ ಮನೆಯ ಆರು ಕುಡಿಕೆ, ಚೆಲ್ಲಿದ್ದ ಒಂದು.

ಕುಂಬಾರ ಅದನ್ನೆಲ್ಲ ಯೋಚಿಸಲಿಲ್ಲ. ಅವನಿಗೆ ಒಂದೇ ಯೋಚನೆ. ಅಂದು ಸಂಜೆ ಹೆಂಡತಿಯ ಮುಷ್ಟಿಯಲ್ಲಿದ್ದ ಕಾಸು ಎಲ್ಲಿಂದ ಬಂತು? ಹೆಂಗಸರು ಸೇರುವುದು ಹೊಳೆಯ ಬಳಿ. ಅವನು ಒಂದು ಹಿಡಿ ಕಾಸು ಹೆಕ್ಕಿಕೊಂಡು ಹೊಳೆಗೆ ಇಳಿದ. ನೀರಿಗೆ ಬಂದ ಒಬ್ಬೊಬ್ಬಳ ಅಂಗೈಯಲ್ಲೂ ಒಂದೊಂದು ಕಾಸಿಟ್ಟು ಕೇಳಿದ. ನನಗೆ ಗೊತ್ತಿಲ್ಲಣ್ಣ ಎಂದರು. ಕೊನೆಗೆ ಬಟ್ಟೆ ಒಗೆಯುವವಳು ಕಲ್ಲಿನ ಮೇಲೆ ಸೀರೆ ಬಿಟ್ಟು ಎದ್ದು ನಿಂತಳು. ಅವಳಿಗೂ ಒಂದು ಕಾಸು ಕೊಟ್ಟ.

"ದ್ಯಾವಕ್ಕಂಗೆ ಕಾಸು ಕೊಟ್ಟಿದ್ದು ನಾನೇ," ಎಂದಳು ಅವಳು.

ಹೆಂಡತಿಯ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಕುಂಬಾರ ಒದ್ದೆ ಮರಳಿನ ಮೇಲೆ ಕೂತುಬಿಟ್ಟ.

"ಯಾರದೋ ಅಂಗಿಯ ಜೇಬಲ್ಲಿ ಉಳಿದಿತ್ತಣ್ಣ ಅದು. ನೀರಲ್ಲಿ ಕೈ ಇಳಿಬಿಟ್ಕೊಂಡು ಅಳ್ತಾ ಕೂತಿದ್ಲು ದ್ಯಾವಕ್ಕ. ನೋಡೋಕಾಗದೆ ಅವಳ ಅಂಗೈಲಿಟ್ಟೆ. ಇಟ್ಟ ತಕ್ಷಣ ನಮ್ಮಿಬ್ಬರ ಕಿವಿ ತೆರೀತಲ್ಲ, ಹೊಳೆ ಹರಿದ ಹಾಗೆ ಮಾತಾಡಿದ್ಲು. ಎಡಗಡೆ ಎದೇಲಿ ಗಂಟಾಗಿದೆ, ಕಲಸಿದ ಮಣ್ಣಿನ ಉಂಡೆ ಒಣಗಿದ ಹಾಗೆ ಗಟ್ಟಿಯಾಗಿದೆ ಅಂದ್ಲು. ಭಯ ಆಗುತ್ತೆ ಅಂದ್ಲು. ಅವರಿಗೆ ಹೇಳಿದ್ರೆ ಪಕ್ಕದಲ್ಲಿ ಕೂರ್ತಾರೆ, ಅಷ್ಟಾದ್ರೆ ಸಾಕು ಅಂದ್ಲು."

"ಬೇರೇನಂದ್ಲು?"

"ನನಗೆ ಬಾವಿ ಬೇಡ ಅಂದ್ಲು. ದಿನಕ್ಕೆ ನಾಲ್ಕು ಸಲ ಹೊಳೆಗೆ ಬಂದು ನಾಲ್ಕು ಜನರ ಮುಖ ನೋಡೋದು ನನಗೆ ಇಷ್ಟ. ಅವರು ನನಗೋಸ್ಕರ ಅಂತ ಒದ್ದಾಡ್ತಿದ್ದಾರೆ, ಹೇಗೆ ಬೇಡ ಅನ್ನಲಿ ಅಂದ್ಲು. ಮಗಳ ಮಾತೂ ಬಂತು. ಮದುವೆ ದಿನ ಅವಳು ಅತ್ತಾಗ ಗದರಿಸಿಬಿಟ್ಟೆ, ಗದರದಿದ್ರೆ ನಾನೂ ಅತ್ತುಬಿಡ್ತಿದ್ದೆ, ಅದನ್ನ ಅವಳಿಗೆ ಹೇಳಲೇ ಇಲ್ಲ ಅಂದ್ಲು. ಇನ್ನೂ ಎಷ್ಟೋ ಅಂದ್ಲು."

ಹೊತ್ತು ಇಳಿಯುವ ತನಕ ಅವಳು ಒಂದೊಂದನ್ನೇ ನೆನಪಿಸಿಕೊಂಡು ಹೇಳಿದಳು. ಆಮೇಲೆ ಕೇಳಿದಳು: "ಹೊತ್ತು ಮುಳುಗೋಕೆ ಮುಂಚೆ ಹೋಗಿ ಗಂಡಂಗೆ ಹೇಳು ಅಂತ ನಾನೇ ಓಡಿಸಿದೆ. ಕೊಡ ಇಲ್ಲೇ ಬಿಟ್ಟು ಓಡಿದ್ಲು. ಅವತ್ತು ನಿನಗೆ ಹೇಳಲಿಲ್ವಾ ಅಣ್ಣ?"

ತನ್ನ ಕೈಗಳು ಕುಡಿಕೆಯನ್ನು ಎತ್ತಿ ಹಿಡಿದ ರೀತಿ ಕುಂಬಾರನಿಗೆ ಕಾಣುತ್ತಿತ್ತು. ತಾನು ನಕ್ಕದ್ದು ಕೇಳಿಸುತ್ತಿತ್ತು. ಅವನು ಮರಳಿನ ಮೇಲೆ ಬಿದ್ದು ಅತ್ತ. ಆ ಅಳು ಊರಿಗೆಲ್ಲ ಕೇಳಿಸಿತು.

ಆಮೇಲಿನ ದಿನಗಳಲ್ಲಿ ಊರವರು ಅವನ ಬಾಗಿಲಿಗೆ ಬರತೊಡಗಿದರು. ಅಂಗೈ ಚಾಚಿ ನಿಲ್ಲುತ್ತಿದ್ದರು. ಅವನು ಒಂದೊಂದೇ ಕುಡಿಕೆ ಒಡೆದು ಮನೆಗೊಂದರಂತೆ, ಹಲ್ಲು ಬಿದ್ದ ಮಗುವಿಗೊಂದರಂತೆ ಕೊಟ್ಟ. ಪ್ರತಿಯಾಗಿ ಏನೂ ಕೇಳಲಿಲ್ಲ. ಕಾಸು ಕೈಗೆ ಬಿದ್ದೊಡನೆ ಅವರು ಅವನಿಗೆ ಏನೋ ಒಳ್ಳೆಯ ಮಾತು ಹೇಳಲು ನೋಡುತ್ತಿದ್ದರು. ಅವನು ಕೈ ಅಲ್ಲಾಡಿಸಿ ಮನೆಗೆ ಹೋಗಿ ಎನ್ನುತ್ತಿದ್ದ. ಕೆಲವರು ಮನೆಗೆ ಓಡಿದರು. ಕೆಲವರು ಆ ಕಾಸನ್ನೂ ಬಚ್ಚಿಟ್ಟರೆಂದು ಸುದ್ದಿ. ಅವನಿಗೆ ಅದರ ಗೊಡವೆಯಿರಲಿಲ್ಲ. ನೀರನ್ನು ಈಗ ಅವನೇ ಹೊರುತ್ತಿದ್ದ. ಏರು ಎಷ್ಟು ಕಡಿದೆಂದು ಅವನಿಗೆ ಆಗ ಗೊತ್ತಾಯಿತು.

ಏಳೂ ಕುಡಿಕೆ ಬರಿದಾಗಿ ಒಂದೇ ಕಾಸು ಉಳಿದ ದಿನ, ಅವನು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಮಗಳ ಊರಿಗೆ ಹೊರಟ. ತಾಯಿ ಹೇಳಿದ್ದನ್ನೆಲ್ಲ ಮಗಳಿಗೆ ತಲುಪಿಸಬೇಕಿತ್ತು. ಒಂದು ಮಾತೂ ಮರೆಯದ ಹಾಗೆ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಾ ನಡೆದ. ಮಗಳು ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಅವನು ಕಾಸು ಹಿಡಿದು ಕೈ ಚಾಚಿದ. ಅವಳು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಒಳಗೆ ಹೋದಳು. ಸಂಜೆಯ ತನಕ ಕಾದು ಅವನು ಹಿಂದಿರುಗಿದ.

ಮುಂದಿನ ತಿಂಗಳು ಮತ್ತೆ ಹೋದ. ಅವಳು ಕುಡಿಯಲು ನೀರು ತಂದಿಟ್ಟಳು, ಕೈ ಚಾಚಲಿಲ್ಲ. ಅದರ ಮುಂದಿನ ತಿಂಗಳೂ ಹೋದ. ಅವಳು ಕಂಬಕ್ಕೆ ಒರಗಿ, ಅವನ ಅಂಗೈಯಲ್ಲಿದ್ದ ಕಾಸನ್ನೇ ನೋಡುತ್ತಾ ನಿಂತಳು. ಕೈ ಚಾಚಲಿಲ್ಲ.

ನಾಲ್ಕನೆ ಸಲ ಅವನು ಹೋದಾಗ ಮಧ್ಯಾಹ್ನ ಕಳೆದಿತ್ತು. ಬಿಸಿಲಿಗೆ ಬಸವಳಿದು ಜಗಲಿಯ ಕೆಳಗೆ ಕೂತ. ಮಗಳು ಹೊರಗೆ ಬಂದು ಅವನನ್ನು ನೋಡಿದಳು. ಅವನ ಹೆಗಲ ಮೇಲೆ ಕೊಡ ಹೊತ್ತು ಹೊತ್ತು ಕಪ್ಪಾದ ಗುರುತನ್ನು ನೋಡಿದಳು. ಮೆಟ್ಟಿಲಿಳಿದು ಬಂದು ಎದುರು ಕೂತು, ಅಂಗೈ ಚಾಚಿದಳು.

ಅವನು ಕಾಸು ಇಟ್ಟ. ಆ ಮಾತುಗಳನ್ನು ತಿಂಗಳುಗಟ್ಟಲೆ ಹೇಳಿಕೊಂಡು ಬಂದಿದ್ದ. ಬಾಯಿಂದ ಬಂದದ್ದು ಬೇರೆಯೇ.

"ಊಟ ಆಯ್ತಾ ಮಗಳೇ?"

"ಇಲ್ಲ," ಎಂದಳು. "ನಿಂದು?"

"ನಂದೂ ಇಲ್ಲ."

ಅವಳು ಎದ್ದು ಹೋಗಿ ಎರಡು ತಟ್ಟೆ ತಂದಳು. ಮುದ್ದೆ ಮುರಿಯುತ್ತಾ ಅವನು ಹೇಳತೊಡಗಿದ. ಎದೆಯ ಗಂಟಿನ ವಿಷಯ ಹೇಳಿದ. ಬಾವಿ ಬೇಡವಾಗಿದ್ದ ವಿಷಯ ಹೇಳಿದ. ಆ ಸಂಜೆ ತಾನು ಕುಡಿಕೆ ಎತ್ತಿ ಹಿಡಿದದ್ದನ್ನೂ, ನಕ್ಕದ್ದನ್ನೂ ಬಚ್ಚಿಡದೆ ಹೇಳಿದ. ಮಗಳು ತಲೆ ತಗ್ಗಿಸಿ ಕೇಳಿದಳು. ಅವಳ ತಟ್ಟೆಯ ಮುದ್ದೆ ಹಾಗೇ ಆರಿತು. "ನಿನ್ನ ಮದುವೆ ದಿನ," ಎಂದು ಅವನು ಶುರುಮಾಡಿದಾಗ ಸೂರ್ಯ ಮುಳುಗಿದ. ಅವಳು ತಟ್ಟನೆ ತಲೆಯೆತ್ತಿದಳು. ಅವನ ತುಟಿ ಇನ್ನೂ ಅಲ್ಲಾಡುತ್ತಿತ್ತು. ಅವಳಿಗೆ ಕೇಳಿಸುತ್ತಿಲ್ಲವೆಂದು ತಿಳಿದು ಅವನು ನಿಲ್ಲಿಸಿದ.

ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಜಗಲಿಯ ಮೇಲೆ ಒಂದು ಚಾಪೆ ತಂದು ಹಾಸಿದಳು. ಕಾಸು ಅವಳ ಮುಷ್ಟಿಯಲ್ಲೇ ಇತ್ತು. ನಾಳೆ ಅವಳ ಸರದಿ, ಕೊಡುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು. ಕುಂಬಾರ ಚಾಪೆಯ ಮೇಲೆ ಮಲಗಿ, ಉಳಿದ ಮಾತನ್ನು ಮರೆಯದ ಹಾಗೆ ತನ್ನಲ್ಲೇ ಹೇಳಿಕೊಳ್ಳುತ್ತಾ, ಬೆಳಗಾಗುವುದನ್ನು ಕಾದ.